ನಾನು ಖಾಲಿ ಅಂದ ಡಿಸ್ಕು

ಮೋಟೆಬೆನ್ನೂರಿನ ಶಾಲೆಯಿಂದ ಇಬ್ಬರು ನಮ್ಮ ಅಂಗಡಿಗೆ ಬಂದು, ಮೈಲಾರೆಪ್ಪ ಮಾಸ್ತರರು ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಅವರ ಬಗ್ಗೆ ಒಂದು ಸಣ್ಣ ಪುಸ್ತಕ ತರುತ್ತಿದ್ದೇವೆ, ನೀವೂ ನಾಲ್ಕು ಮಾತು ಬರೆದುಕೊಡಿ ಎಂದರು. ನಾನು ಹಾವೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ಬರೆಯುವವನಲ್ಲ. ಆದರೂ ಅಷ್ಟು ಜನರಲ್ಲಿ ನನ್ನನ್ನೂ ಕೇಳಿದರಲ್ಲ ಎಂಬ ಹಿಗ್ಗಿನಲ್ಲಿ ಹೂಂ ಅಂದೆ. ಒಂದೇ ಸಂಜೆಯಲ್ಲಿ ಮೂರು ಪುಟ ಗೀಚಿದೆ. 'ತಮಗೆ ಕಣ್ಣಿಲ್ಲದಿದ್ದರೂ ಸಾವಿರಾರು ಮಕ್ಕಳಿಗೆ ಕಣ್ಣಾದವರು' ಎಂದು ಶುರುವಾಗಿ, ಮೂರೂ ಪುಟ ಅದೇ ಧಾಟಿಯಲ್ಲಿತ್ತು. ಮದುವೆ ಮನೆಯ ಮೈಕಿನಲ್ಲಿ ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತುಗಳು.

ನಮ್ಮ ಅಂಗಡಿಯಲ್ಲಿ ಡಿಟಿಪಿ ಕೆಲಸ ನೋಡಿಕೊಳ್ಳುವ ಸಲ್ಮಾ ಅದನ್ನು ಟೈಪ್ ಮಾಡುತ್ತ ಎರಡನೆಯ ಪುಟದಲ್ಲಿ ಕೈ ನಿಲ್ಲಿಸಿದಳು.

"ಅಣ್ಣಾರ, ಆ ಜನವರಿ ತಿಂಗಳದ್ದು ಇದರಾಗ ಎಲ್ಲೈತ್ರಿ?"

ಕೇಳಿಸದವನ ಹಾಗೆ ಎದ್ದು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ನನ್ನ ಮೂರು ಪುಟಗಳು ಕೀಬೋರ್ಡಿನ ಪಕ್ಕದಲ್ಲಿ ಬೋರಲಾಗಿ ಬಿದ್ದಿದ್ದವು, ಅವಳು ಯಾರದೋ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಳು. ಆ ಪುಟಗಳನ್ನು ಹರಿದು ಹಾಕಿದೆ. ಇದು ಎರಡನೆಯ ಸಲ ಬರೆಯುತ್ತಿರುವುದು.

ಮೈಲಾರೆಪ್ಪ ಮಾಸ್ತರರು ಹುಟ್ಟಿದ್ದು ಗುತ್ತಲದಲ್ಲಿ. ತಂದೆ ಗುಡದಪ್ಪ ಸಂತೆಯಲ್ಲಿ ಹಗ್ಗ, ಕಣ್ಣಿ, ಮೂಗುದಾರ ಮಾರುತ್ತಿದ್ದರು. ಮಗನಿಗೆ ಏಳು ವರ್ಷವಾಗಿದ್ದಾಗ ದಡಾರ ಬಂದು ಎರಡೂ ಕಣ್ಣು ಹೋದವು. ಇನ್ನೇನು ಮಾಡುವುದು ಎಂದು ಗುಡದಪ್ಪ ಅವನನ್ನು ಹಗ್ಗ ಹೊಸೆಯಲು ಕೂಡಿಸಿದರು. ಮನೆಯ ಗೋಡೆಗೆ ಹತ್ತಿಕೊಂಡೇ ಶಾಲೆ. ಹುಡುಗ ಹಗ್ಗ ಹೊಸೆಯುತ್ತಲೇ ಆಚೆಯಿಂದ ಕೇಳಿಬರುವ ಮಗ್ಗಿ, ಪದ್ಯ, ರಾಜರ ಹೆಸರು, ನದಿಗಳ ಹೆಸರು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ. ಒಂದು ದಿನ ಒಳಗಿನ ಮಕ್ಕಳಿಗೆ ಬಾರದ ಉತ್ತರವನ್ನು ಹೊರಗಿನಿಂದ ಕೂಗಿ ಹೇಳಿದನಂತೆ. ಆ ಶಾಲೆಯ ಮಾಸ್ತರರೇ ಓಡಾಡಿ ಕಣ್ಣು ಕಾಣದ ಮಕ್ಕಳ ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಕಲಿತು, ಬಿ.ಎ., ಬಿ.ಎಡ್. ಮುಗಿಸಿ, ಸಮಾಜ ವಿಜ್ಞಾನದ ಮಾಸ್ತರರಾಗಿ ಮೋಟೆಬೆನ್ನೂರಿಗೆ ಬಂದರು. ಅಗಡಿಯ ಉಡಚವ್ವನವರನ್ನು ಮದುವೆಯಾಗಿ ಬ್ಯಾಡಗಿಯಲ್ಲಿ ಮನೆ ಮಾಡಿದರು. ಮಕ್ಕಳಾಗಲಿಲ್ಲ.

ಕಷ್ಟವಿದ್ದದ್ದು ಪಾಠ ಹೇಳುವುದರಲ್ಲಿ ಅಲ್ಲ. ಹೇಳಬೇಕಾದ ಪಾಠವನ್ನು ಮೊದಲು ಯಾರಾದರೂ ಓದಿ ಹೇಳಬೇಕಲ್ಲ, ಅದರಲ್ಲಿ. ಪಠ್ಯಪುಸ್ತಕ ಬ್ರೈಲಿನಲ್ಲಿ ಕೈಗೆ ಬರುವಷ್ಟರಲ್ಲಿ ಪುಸ್ತಕವೇ ಬದಲಾಗಿರುತ್ತಿತ್ತು. ಉಡಚವ್ವನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿತ್ರ ನೋಡಿ ಪುಟ ಹುಡುಕಿ ಕೊಡುತ್ತಿದ್ದರು, ಅಷ್ಟೆ. ಅಕ್ಕಪಕ್ಕದವರು ಒಂದು ವಾರ ಓದುತ್ತಿದ್ದರು, ಎರಡನೆಯ ವಾರ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಮಾಸ್ತರರು ಬ್ಯಾಡಗಿಯ ಬಸ್ ನಿಲ್ದಾಣಕ್ಕೆ ಹೋಗಿ ಕೂರತೊಡಗಿದರು. ಬಸ್ಸಿಗೆ ಕಾಯುವವರಿಗೆ ಬೇರೆ ಕೆಲಸ ಇರುವುದಿಲ್ಲ ಎಂಬುದು ಅವರ ಲೆಕ್ಕ. ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು, ಪಕ್ಕದಲ್ಲಿ ಯಾರಾದರೂ ಕುಳಿತ ಸದ್ದಾದರೆ, "ಒಂದ ಪುಟ ಓದತೀರೇನ್ರಿ?" ಎಂದು ಕೇಳುವುದು. ಓದುವವರ ಬಸ್ಸು ಬಂದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನವರು ಬರುವ ತನಕ ಕಾಯಬೇಕು.

ಹೊಸ ಪುಸ್ತಕ ಬಂದ ಒಂದು ವರ್ಷ ಹೀಗೆ ಓದಿದವನೊಬ್ಬ ಕಿಡಿಗೇಡಿತನ ಮಾಡಿದ. ಪಾಠದಲ್ಲಿ ಯಾವುದೋ ಸಮಿತಿಯ ಅಧ್ಯಕ್ಷರ ಹೆಸರು ಬರುತ್ತಿತ್ತು. ಅವನು ಆ ಜಾಗದಲ್ಲಿ ಊರಿನ ಚಹಾ ಅಂಗಡಿಯ ಶಂಭುಲಿಂಗನ ಹೆಸರನ್ನು ಸೇರಿಸಿ ಓದಿಬಿಟ್ಟ. ಮಾಸ್ತರರು ಮರುದಿನ ತರಗತಿಯಲ್ಲಿ ಅದನ್ನೇ ಹೇಳಿದರು, ಬರೆದುಕೊಳ್ಳಿ ಎಂದು ಎರಡು ಸಲ ಹೇಳಿದರು. ಮಕ್ಕಳು ಬರೆದುಕೊಂಡರು. ಆಮೇಲೆ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಪುಸ್ತಕದಾಗ ಹಿಂಗಿಲ್ರಿ, ಅದು ನಮ್ಮ ಮಾಮಾನ ಹೆಸರ್ರಿ" ಎಂದಳು. ಗಂಟೆ ಹೊಡೆಯುವವರೆಗೂ ನಗು ನಿಲ್ಲಲಿಲ್ಲವಂತೆ.

ಆ ವರ್ಷವೇ ಸಾಲ ತೆಗೆದು ಲ್ಯಾಪ್‌ಟಾಪ್ ಕೊಂಡರು. ರಾಣೆಬೆನ್ನೂರಿನಲ್ಲಿ ಆಗ ಮುಸ್ತಾಕ್ ಎಂಬಾತನ ಇಂಟರ್ನೆಟ್ ಅಂಗಡಿಯಿತ್ತು. ಮಾಸ್ತರರು ವಾರಕ್ಕೆರಡು ಸಲ ಅಲ್ಲಿಗೆ ಹೋಗಿ ಯಂತ್ರವನ್ನು ತಮಗೆ ಬೇಕಾದ ಹಾಗೆ ಮಾಡಿಸಿಕೊಂಡರು, ತಾವೂ ಕಲಿತರು. ಅದರೊಳಗೆ ಎರಡು ವ್ಯವಸ್ಥೆಗಳು. ಒಂದು ವಿಂಡೋಸ್, ಇಲಾಖೆಯ ಅರ್ಜಿ ನಮೂನೆಗಳಿಗಾಗಿ. ಇನ್ನೊಂದು ಲಿನಕ್ಸ್, ಪರದೆಯ ಮೇಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ಯಂತ್ರ ಹಚ್ಚಿದ ಕೂಡಲೇ ಯಾವುದು ಬೇಕು ಎಂದು ಕೇಳುವ ಒಂದು ಮೆನು ಬರುತ್ತದೆ. ಕಣ್ಣಿದ್ದವರು ನೋಡಿ ಆರಿಸಿಕೊಳ್ಳುತ್ತಾರೆ. ಆದರೆ ಆ ಹೊತ್ತಿಗೆ ಓದಿ ಹೇಳುವ ತಂತ್ರಾಂಶ ಇನ್ನೂ ಎದ್ದಿರುವುದಿಲ್ಲ. ಅದಕ್ಕೆ ಮುಸ್ತಾಕ್, ಮೆನು ಬಂದಾಗ ಯಂತ್ರ ಎರಡು ಸಲ ಕುಂಯ್ ಕುಂಯ್ ಎಂದು ಕೂಗುವ ಹಾಗೆ ಮಾಡಿಟ್ಟಿದ್ದ. ಕೂಗಿದ ಮೇಲೆ ಸುಮ್ಮನೆ ಎಂಟರ್ ಒತ್ತಿದರೆ ಲಿನಕ್ಸ್. ಕೆಳಬಾಣದ ಕೀಲಿಯನ್ನು ನಾಲ್ಕು ಸಲ ಒತ್ತಿ ಎಂಟರ್ ಹೊಡೆದರೆ ವಿಂಡೋಸ್. ಆ ಎರಡು ಕೂಗಿನ ಮೇಲೆ ಮಾಸ್ತರರ ದಿನ ಶುರುವಾಗುತ್ತಿತ್ತು.

ಮುಂದಿನ ಏಳು ವರ್ಷ ಅವರು ಎಂಟರಿಂದ ಹತ್ತರವರೆಗಿನ ಮೂರೂ ತರಗತಿಗಳ ಪಾಠಗಳನ್ನು ಶಾಲೆಯಲ್ಲಿ ಒಬ್ಬರಿಂದ ಓದಿಸಿಕೊಂಡು, ಇನ್ನೊಬ್ಬರಿಂದ ತಾಳೆ ನೋಡಿಸಿ, ತಾವೇ ಟೈಪ್ ಮಾಡಿ ಲಿನಕ್ಸಿನ ಕಡೆ ಇಟ್ಟುಕೊಂಡರು. ಪ್ರಶ್ನೆ, ಉತ್ತರ, ಇಸವಿಗಳ ಪಟ್ಟಿ ಎಲ್ಲವೂ ಅಲ್ಲೇ. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಪುಸ್ತಕ ಬಿಚ್ಚಿಕೊಂಡು ಕೂರುವುದು ನಿಂತುಹೋಯಿತು.

ಇನ್ನು ನನ್ನ ವಿಷಯ. ಆರು ವರ್ಷದ ಹಿಂದಿನ ಜನವರಿಯಲ್ಲಿ ಅವರ ವಿಂಡೋಸ್ ಕೆಟ್ಟಿತು. ಮುಸ್ತಾಕ್ ಅಷ್ಟರಲ್ಲಿ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ಹಾವೇರಿಯ ಹನುಮೇಶನ ಹತ್ತಿರ ಹೋಗಿ, ಅವನಿಗೆ ಬಾರದ ಕೆಲಸವಿಲ್ಲ ಎಂದು ಯಾರೋ ಹೇಳಿದರಂತೆ. ಆ ಹನುಮೇಶ ನಾನೇ. ಅಂಗಡಿಯ ಬೋರ್ಡಿನ ಮೇಲೂ ಹಾಗೇ ಬರೆಸಿದ್ದೆ, 'ಎಲ್ಲಾ ತರಹದ ರಿಪೇರಿ'. ನಿಜ ಹೇಳಬೇಕೆಂದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧ: ಫಾರ್ಮ್ಯಾಟ್ ಹೊಡೆಯುವುದು. ನಿಧಾನವಾಯಿತೇ, ಫಾರ್ಮ್ಯಾಟ್. ವೈರಸ್ ಬಂತೇ, ಫಾರ್ಮ್ಯಾಟ್. ಇದ್ದದ್ದನ್ನು ಅಳಿಸಿ ಹೊಸ ವಿಂಡೋಸ್ ಹಾಕಿ ಕೊಟ್ಟರೆ ಗಿರಾಕಿ ಖುಷಿ. ಏನು ಕೆಟ್ಟಿತ್ತು ಎಂದು ನಾವೂ ನೋಡುವುದಿಲ್ಲ, ಅವರೂ ಕೇಳುವುದಿಲ್ಲ.

ಮಾಸ್ತರರು ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬರೇ ಬಿಳಿ ಕೋಲು ಹಿಡಿದು ಬಂದರು. ಲ್ಯಾಪ್‌ಟಾಪನ್ನು ಟೇಬಲ್ಲಿನ ಮೇಲಿಟ್ಟು ತುಂಬಾ ಹೊತ್ತು ಮಾತನಾಡಿದರು. ನಾನು ಹೆಗಲು ಕಿವಿಯ ನಡುವೆ ಫೋನ್ ಸಿಕ್ಕಿಸಿಕೊಂಡು ಯಾರದೋ ಪ್ರಿಂಟರಿನ ಜಗಳದಲ್ಲಿದ್ದೆ. ಅವರ ಮಾತಿಗೆ ಹೂಂ ಸರ್, ಹೂಂ ಸರ್ ಎನ್ನುತ್ತಿದ್ದೆ, ಒಂದನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವರು ಹೇಳಿದ್ದೇನು ಎಂದು ಆಮೇಲೆ ಸಲ್ಮಾಳಿಂದ ತಿಳಿಯಿತು. ಒಳಗೆ ಎರಡು ವ್ಯವಸ್ಥೆಗಳಿವೆ, ವಿಂಡೋಸ್ ಒಂದನ್ನೇ ಸರಿಮಾಡಿ, ಇನ್ನೊಂದನ್ನು ಮುಟ್ಟಬೇಡಿ ಎಂದಿದ್ದರು. ಶಂಭುಲಿಂಗನ ಹೆಸರಿನ ಕಥೆಯನ್ನೂ ಹೇಳಿದ್ದರು. ಮಕ್ಕಳು ನಕ್ಕದ್ದಕ್ಕೆ ಬೇಸರವಾಗಲಿಲ್ಲ, ಸುಳ್ಳನ್ನು ತಮ್ಮ ಬಾಯಿಂದ ಕೇಳಿ ಬರೆದುಕೊಂಡಿದ್ದರಲ್ಲ, ಅದಕ್ಕೆ ಮೂರು ದಿನ ಊಟ ಸೇರಲಿಲ್ಲ ಎಂದಿದ್ದರು. "ಈ ಯಂತ್ರ ಸುಳ್ಳು ಓದೂದಿಲ್ರಿ, ಅದಕ್ಕ ಇದು ನನಗ ಬೇಕು" ಎಂದಿದ್ದರು. ಹೇಳಿ, ಹಾವೇರಿಯಲ್ಲಿ ಏನೋ ಕೆಲಸವಿದೆ, ಸಂಜೆ ಬರುತ್ತೇನೆ ಎಂದು ಹೋದರು.

ನಾನು ಫಾರ್ಮ್ಯಾಟ್ ಹೊಡೆದೆ. ಹೆಸರಿಲ್ಲದ ಇನ್ನೊಂದು ದೊಡ್ಡ ಭಾಗ ಡಿಸ್ಕಿನಲ್ಲಿ ಕಂಡಿತು. ಅದನ್ನು ಅಳಿಸದೆ ಬಿಟ್ಟದ್ದು ನನ್ನ ಒಳ್ಳೆಯತನದಿಂದಲ್ಲ, ಅವಸರದಿಂದ. ಹೊಸ ವಿಂಡೋಸ್ ಹಾಕಿದಾಗ ಅದು ಹಳೆಯ ಮೆನುವನ್ನು ತೆಗೆದುಹಾಕಿ, ಯಂತ್ರ ಹಚ್ಚಿದರೆ ನೇರವಾಗಿ ತಾನೇ ಬರುವ ಹಾಗೆ ಮಾಡಿಕೊಳ್ಳುತ್ತದೆ. ಲಿನಕ್ಸ್ ಒಳಗೆ ಹಾಗೆಯೇ ಇರುತ್ತದೆ, ಅದಕ್ಕೆ ಹೋಗುವ ದಾರಿ ಮಾತ್ರ ಇರುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಸಂಜೆ ಮಾಸ್ತರರು ಬಂದು ಕುಳಿತು, "ಹಚ್ಚರಿ, ನೋಡೂನು" ಎಂದರು. ಹಚ್ಚಿದೆ. ಅವರು ತಲೆಯನ್ನು ಸ್ವಲ್ಪ ವಾರೆ ಮಾಡಿ ಕಾದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ವಿಂಡೋಸ್ ಬಂದು ನಿಂತಿತು. ಅದರಲ್ಲಿ ಮೊದಲಿದ್ದ ಓದುವ ತಂತ್ರಾಂಶವನ್ನೂ ನಾನು ಅಳಿಸಿದ್ದೆ, ಹಾಗಾಗಿ ಅದೂ ಮೂಕ.

"ಕೂಗಲೇ ಇಲ್ಲಲ್ರಿ" ಎಂದರು.

ಏನಾಗಿದೆ ಎಂದು ಅರ್ಥವಾಯಿತು. ಆ ಮೆನುವನ್ನು ಮತ್ತೆ ತರುವುದು ನನಗೆ ಬರುತ್ತಿರಲಿಲ್ಲ. ಒಮ್ಮೆಯೂ ಮಾಡಿರಲಿಲ್ಲ. ಅದನ್ನು ಹೇಳಿದರೆ ಮುಗಿಯುತ್ತಿತ್ತು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳು ಕುಳಿತಿದ್ದರು, ತಲೆಯ ಮೇಲೆ ಆ ಬೋರ್ಡಿತ್ತು. ನನಗೆ ಬರುವುದಿಲ್ಲ ಎನ್ನುವ ಎರಡು ಶಬ್ದಕ್ಕೆ ನಾಲಿಗೆ ಹೊರಳಲಿಲ್ಲ.

"ಸರ್, ಆ ಕಡೀದು ಹೋಗೇತ್ರಿ. ಡಿಸ್ಕ್ ಹಳೇದಾಗಿತ್ತು. ನಾ ಮುಟ್ಟೂಕಿಂತ ಮೊದಲ ಖಾಲಿ ಆಗಿತ್ತು."

"ಖಾಲಿ?"

"ಹೂಂ ಸರ್. ಪರದೆಮ್ಯಾಗ ಖಾಲಿ ಅಂತ ತೋರಸಾಕತ್ತೇತಿ."

ಹಾಗೆಂದು ಲ್ಯಾಪ್‌ಟಾಪಿನ ಪರದೆಯನ್ನು ಅವರ ಮುಖದ ಕಡೆಗೆ ತಿರುಗಿಸಿ, "ಬೇಕಾರ ನೋಡ್ರಿ" ಎಂದೆ.

ಪರದೆಯ ಮೇಲೆ ಇದ್ದದ್ದು ಹೊಸ ವಿಂಡೋಸಿನ ನೀಲಿ ಚಿತ್ರ. ಖಾಲಿ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಕುಳಿತಿದ್ದ ಇಬ್ಬರೂ ನೆಲ ನೋಡಿದರು. ಸಲ್ಮಾಳ ಟೈಪಿಂಗ್ ಸದ್ದು ನಿಂತಿತು. ಮಾಸ್ತರರು ಪರದೆಯ ಅಂಚನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ಮಡಚಿ, ಚೀಲದಲ್ಲಿಟ್ಟುಕೊಂಡರು. "ನೀವು ನೋಡೀರಿ ಅಂದಮ್ಯಾಲ ಮುಗೀತು ಬಿಡ್ರಿ" ಎಂದರು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಮೆಟ್ಟಿಲಿನ ಹತ್ತಿರ ಅವರ ಕೋಲು ಎರಡು ಸಲ ತಡವರಿಸಿತು. ಬರುವಾಗ ಹಾಗಾಗಿರಲಿಲ್ಲ.

ಗಿರಾಕಿಗಳು ಹೋದ ಮೇಲೆ ಸಲ್ಮಾ, ಮಾಸ್ತರರು ಮಧ್ಯಾಹ್ನ ಹೇಳಿದ್ದನ್ನೆಲ್ಲ ಒಂದೊಂದಾಗಿ ನನ್ನ ಮುಂದಿಟ್ಟಳು.

"ಅಣ್ಣಾರ, ಒಳಗ ಎಲ್ಲಾ ಹಂಗ ಇರತೈತಿ ಅಂತ ನೀವಽ ಒಮ್ಮೆ ನನಗ ಹೇಳಿದ್ರಿ."

"ಅದನ್ನ ವಾಪಸ್ ತರಾಕ ನನಗ ಬರೂದಿಲ್ಲವಾ."

"ಅಷ್ಟಽ ಅವರಿಗೆ ಹೇಳಬೇಕಿತ್ತು. ಬಸ್‌ಸ್ಟ್ಯಾಂಡಿನ್ಯಾಗಿನ ಆ ಮನಷ್ಯಾ ಚ್ಯಾಷ್ಟಿಗೆ ಸುಳ್ಳು ಓದಿದ್ದ. ನೀವು ಯಾಕ ಓದಿದ್ರಿ?"

ಅವಳಿಗಿಂತ ಹತ್ತು ವರ್ಷ ದೊಡ್ಡವನು ನಾನು, ಅಂಗಡಿ ನನ್ನದು. ಬೇರೆ ದಿನವಾಗಿದ್ದರೆ ಗದರುತ್ತಿದ್ದೆ. ಅವತ್ತು ಷಟರ್ ಎಳೆದು ಮನೆಗೆ ಹೋದೆ. ನೋಡ್ರಿ ಎಂದೆನಲ್ಲ, ಕಣ್ಣಿಲ್ಲದ ಮನುಷ್ಯನಿಗೆ ನೋಡ್ರಿ ಎಂದೆನಲ್ಲ ಎಂಬುದೇ ಕಿವಿಯಲ್ಲಿ. ಹೆಂಡತಿ ಏನಾಯಿತು ಎಂದು ಕೇಳಿದರೆ ಅವಳ ಮೇಲೆ ರೇಗಿದೆ.

ಭಾನುವಾರ ಬೆಳಿಗ್ಗೆ ಮೆನು ವಾಪಸ್ ತರುವ ವಿಧಾನವನ್ನು ಮೊಬೈಲಿನಲ್ಲಿ ನೋಡಿದೆ. ಹದಿನೈದು ನಿಮಿಷದ ಕೆಲಸ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದು ಬೇಕು, ನನ್ನ ಹತ್ತಿರ ಇರಲಿಲ್ಲ. ಆದರೂ ಮೊದಲು ಮುಖ ತೋರಿಸೋಣ ಎಂದು ಬೈಕ್ ಹತ್ತಿ ಬ್ಯಾಡಗಿಗೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿದೆ. 'ಸರ್, ಇನ್ನೊಮ್ಮೆ ನೋಡೂನು ಅಂತ ಬಂದೆ' ಎಂದರೆ ಸಾಕು, ಸುಳ್ಳು ಹೊರಬೀಳುವುದಿಲ್ಲ, ಕೆಲಸವೂ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಆಗಲೂ ನನ್ನ ಬುದ್ಧಿ ಓಡುತ್ತಿದ್ದದ್ದು ಆ ಕಡೆಗೇ.

ಮನೆಯಲ್ಲಿ ಉಡಚವ್ವನವರು ಒಬ್ಬರೇ ಇದ್ದರು. ಅಂಗಡಿಯವನು ಎಂದು ಹೇಳಿದ ಕೂಡಲೇ ಒಳಗೆ ಕರೆದು ನೀರು ಕೊಟ್ಟರು.

"ಅವರು ಬಸ್‌ಸ್ಟ್ಯಾಂಡಿಗೆ ಹೋಗ್ಯಾರ, ತಮ್ಮಾ. ಪುಸ್ತಕ ತಗೊಂಡು."

"ಯಾಕ್ರಿ?"

"ನಾಳೆಯಿಂದ ಹತ್ತನೇ ಕ್ಲಾಸಿನವರಿಗೆ ಮತ್ತೊಮ್ಮೆ ಎಲ್ಲಾ ಪಾಠ ಹೇಳಬೇಕಂತ. ಯಂತ್ರ ಹೋತಲ್ಲ. ನನಗ ಕಣ್ಣೈತಿ, ಅಕ್ಷರಿಲ್ಲ. ಏಳ ವರ್ಷದಿಂದ ಹೋಗಿದ್ದಿಲ್ಲ ಅವರು ಅಲ್ಲಿಗೆ. ಇವತ್ತ ಹೋಗೂವಾಗ ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕ್ಕೊಂಡ್ರು."

ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಯಂತ್ರ ಹಳೆಯದಾಗಿತ್ತು, ಹೋಯಿತು, ಪಾಪ ನೀವೇನು ಮಾಡುತ್ತೀರಿ ಎಂದರು. ಆ ನೀರಿನ ಲೋಟವನ್ನು ಹಿಡಿದುಕೊಂಡು ಕೂರುವುದಾಗಲಿಲ್ಲ.

ಬಸ್ ನಿಲ್ದಾಣದ ಕೊನೆಯ ಬೆಂಚಿನಲ್ಲಿ ಮಾಸ್ತರರಿದ್ದರು. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಬಿಚ್ಚಿದ ಪುಸ್ತಕ, ಕಾಲಿಗೆ ಒರಗಿಸಿದ ಕೋಲು. ನಾನು ಕಂಬದ ಪಕ್ಕ ನಿಂತೆ. ಒಬ್ಬ ಬಂದು ಕುಳಿತ. ಅವರು ಕೇಳಿದರು. ಅವನು ಮೊಬೈಲಿನಿಂದ ತಲೆ ಎತ್ತದೆ, ಬಸ್ಸು ಬಂತು ಎಂದ. ಬಸ್ಸು ಬಂದಿರಲಿಲ್ಲ. ಎದ್ದು ಆಚೆ ಹೋಗಿ ನಿಂತ. ಒಬ್ಬ ಹೆಂಗಸು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದಳು. ಇನ್ನೊಬ್ಬ ಏನೂ ಹೇಳದೆ ಜಾಗ ಬದಲಾಯಿಸಿದ. ಮಾಸ್ತರರಿಗೆ ಅದು ತಿಳಿಯದೆ ಖಾಲಿ ಜಾಗದ ಕಡೆ ತಿರುಗಿ, "ಒಂದ ಪುಟ ಅಷ್ಟರಿ" ಎಂದರು. ಮೆಣಸಿನಕಾಯಿ ಚೀಲದ ಟೆಂಪೊ ಒಂದು ಹಾದುಹೋಗಿ ಎಲ್ಲರೂ ಕೆಮ್ಮಿದರು. ನನ್ನ ಕಣ್ಣಲ್ಲಿ ಬಂದ ನೀರಿಗೆ ಅದೊಂದು ನೆಪವಾಯಿತು.

ಹೋಗಿ ಪಕ್ಕದಲ್ಲಿ ಕುಳಿತೆ. "ಕೊಡ್ರಿ ಸರ್, ನಾ ಓದತೇನಿ" ಎಂದೆ.

ಅವರ ಮುಖ ಅರಳಿತು. "ಹನುಮೇಶ್ ಅವರಽ? ಧ್ವನಿ ಗುರುತು ಹತ್ತಿತು. ನೀವು ಓದಿದ್ರ ಚಿಂತಿ ಇಲ್ಲ, ಖಾತ್ರಿ ಇರತೈತಿ. ಇಲ್ಲಿ ಒಂದ ಸಲ ನನಗ ಮೋಸ ಆಗೇತ್ರಿ."

ಓದಿದೆ. ಹನ್ನೆರಡು ಪುಟದ ಪಾಠ. ಅವರು ಕಣ್ಣು ಮುಚ್ಚಿಕೊಂಡು, ತುಟಿಯಲ್ಲೇ ಪ್ರತಿ ಸಾಲನ್ನೂ ಹಿಂದೆಯೇ ಹೇಳಿಕೊಳ್ಳುತ್ತಿದ್ದರು. ಇಸವಿ ಬಂದಾಗ ಬೆರಳು ಮಡಚುತ್ತಿದ್ದರು. ಪುಟ ತಿರುವಿದ ಹಾಗೆಲ್ಲ, ನನ್ನ ಬಾಯಿಂದ ಬಂದದ್ದನ್ನು ಒಂದು ಚೂರೂ ಅನುಮಾನವಿಲ್ಲದೆ ತೆಗೆದುಕೊಳ್ಳುವ ಆ ಮುಖವನ್ನು ನೋಡಲಾಗಲಿಲ್ಲ. ದಾರಿಯಲ್ಲಿ ಹೊಂದಿಸಿಕೊಂಡು ಬಂದ ಮಾತು ಸತ್ತುಹೋಯಿತು. ಪಾಠ ಮುಗಿಸಿ ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟೆ.

"ಸರ್, ಡಿಸ್ಕ್ ಖಾಲಿ ಆಗಿಲ್ರಿ. ಎಲ್ಲಾ ಒಳಗೈತಿ. ಪರದೆಮ್ಯಾಗ ಹಂಗ ಏನೂ ಬರದಿದ್ದಿಲ್ಲ. ನಾ ಸುಳ್ಳ ಹೇಳಿದೆ."

ಅವರು ಪುಸ್ತಕವನ್ನು ಕಂಕುಳಿಗೆ ಸೇರಿಸಿ ಕೋಲನ್ನು ಕೈಗೆ ತೆಗೆದುಕೊಂಡರು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ಬರೇ ಮೆನು ಹೋಗೇತಿ?" ಎಂದು ಕೇಳಿದರು.

"ಹೌದ್ರಿ. ಅದನ್ನ ಮತ್ತ ಕೂಡಸಾಕ ನನಗ ಬರತಿದ್ದಿಲ್ಲ. ಬರೂದಿಲ್ಲ ಅನ್ನಾಕ ನಾಚಿಕಿ ಆತು."

"ಅದನ್ನ ಕೂಡಸೂ ಸಾಮಾನು ನನ್ನ ಮನ್ಯಾಗ ಐತ್ರಿ. ಹಿಂಗಾಗತೈತಿ ಅಂತ ಮುಸ್ತಾಕ್ ಮೊದಲ ಹೇಳಿದ್ದ, ಏನ ಮಾಡಬೇಕಂತ ಬರಸಿ ಇಟ್ಟಾನ. ನಿನ್ನೆ ರಾತ್ರಿ ಕೈಯಾಗ ಹಿಡಕೊಂಡು ಕುಂತಿದ್ದೆ. ನೀವು ಖಾಲಿ ಅಂದ್ರಲ್ಲ, ಖಾಲಿ ಡಿಸ್ಕಿಗೆ ಮೆನು ಹಚ್ಚಿ ಏನ ಮಾಡೂದಂತ ವಾಪಸ್ ಇಟ್ಟೆ."

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ನನ್ನ ಫಾರ್ಮ್ಯಾಟಿನಿಂದ ಆದ ಹಾನಿಗೆ ಅವರ ಮನೆಯಲ್ಲೇ ಮದ್ದಿತ್ತು. ಆ ಮದ್ದನ್ನು ಮುಟ್ಟದ ಹಾಗೆ ಮಾಡಿದ್ದು ನನ್ನ ಮಾತು. ಇಲ್ಲದಿದ್ದರೆ ಆ ಭಾನುವಾರ ಅವರು ಈ ಬೆಂಚಿಗೆ ಬರಬೇಕಾಗಿಯೇ ಇರಲಿಲ್ಲ.

ಮನೆಗೆ ನಡೆದೆವು. ಉಡಚವ್ವನವರು ದೇವರ ಮಾಡದಿಂದ, ವಿಭೂತಿ ಗಟ್ಟಿಯ ಪಕ್ಕದಲ್ಲಿದ್ದ ಒಂದು ಪೆನ್‌ಡ್ರೈವನ್ನೂ ಒಂದು ದಪ್ಪ ಹಾಳೆಯನ್ನೂ ತಂದುಕೊಟ್ಟರು. ಹಾಳೆಯ ತುಂಬ ಬ್ರೈಲಿನ ಉಬ್ಬು ಚುಕ್ಕೆಗಳು. ಮುಸ್ತಾಕ್ ಹೇಳಿದ್ದನ್ನು ಮಾಸ್ತರರೇ ಚುಚ್ಚಿ ಬರೆದಿಟ್ಟುಕೊಂಡದ್ದು. ಪೆನ್‌ಡ್ರೈವಿನಿಂದ ಯಂತ್ರ ಹಚ್ಚಿದೆ. ಮಾಸ್ತರರು ಹಾಳೆಯ ಮೇಲೆ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಹೇಳಿದರು, ನಾನು ಹೊಡೆದೆ. ಎಲ್ಲಾ ತರಹದ ರಿಪೇರಿಯ ಹನುಮೇಶನಿಗೆ ಓದಲು ಬಾರದ ಹಾಳೆ ಅದು.

ಮೊದಲ ಸಾಲು ಡಿಸ್ಕಿನಲ್ಲಿ ಯಾವ್ಯಾವ ಭಾಗಗಳಿವೆ ಎಂದು ಪಟ್ಟಿ ಕೇಳುವುದು.

"ಪರದೆ ಏನ ಅಂತೈತಿ?"

ಓದಿದೆ.

"ಇದ್ದಂಗ ಓದ್ರಿ. ಒಂದ ಶಬ್ದ ಬಿಡಬ್ಯಾಡ್ರಿ."

ಮತ್ತೆ ಓದಿದೆ. ಆರನೆಯ ಭಾಗ ಲಿನಕ್ಸಿನದು, ಹಾಳೆಯಲ್ಲಿದ್ದ ಹಾಗೆಯೇ ಇತ್ತು. ಎರಡನೆಯ ಸಾಲು ಆ ಭಾಗವನ್ನು ತೆರೆಯುವುದು. ಹೊಡೆದು ಎಂಟರ್ ಒತ್ತಿದರೆ, ಅಂಥದ್ದೊಂದು ಇಲ್ಲವೇ ಇಲ್ಲ ಎಂದು ಪರದೆ ಹೇಳಿತು. ನಿಜವಾಗಿಯೂ ಹೋಗಿದ್ದರೆ? ಆತು ಸರ್, ಮುಂದಿನ ಸಾಲು ಹೇಳ್ರಿ ಎಂದು ಗುಣುಗಿ, ಅಷ್ಟರೊಳಗೆ ಸರಿಮಾಡಿಬಿಡೋಣ ಎಂಬ ಯೋಚನೆ ಆಗಲೂ ಬಂತು. ಅಷ್ಟು ಆದ ಮೇಲೂ ಬಂತು! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಸರ್, ಇಲ್ಲ ಅನ್ನಾಕತ್ತೇತ್ರಿ."

"ನೀವು ಏನ ಹೊಡದ್ರಿ, ಹೇಳ್ರಿ."

ಕೊನೆಯಲ್ಲಿ ಆರು ಹೊಡೆಯಬೇಕಿತ್ತು, ಅವಸರದಲ್ಲಿ ಎಂಟು ಹೊಡೆದಿದ್ದೆ. ಹೇಳಿದೆ. ಅವರು ಹೂಂ ಎಂದರು. ಸರಿಮಾಡಿ ಹೊಡೆದಾಗ ತೆರೆಯಿತು. ಮೂರನೆಯ ಸಾಲು ಮೆನುವನ್ನು ಡಿಸ್ಕಿನ ಮೊದಲಿಗೆ ಮತ್ತೆ ಬರೆಯುವುದು. ಯಾವ ದೋಷವೂ ಇಲ್ಲದೆ ಮುಗಿಯಿತು ಎಂದು ಪರದೆ ಹೇಳಿದ್ದನ್ನು ಓದಿದೆ. ಪೆನ್‌ಡ್ರೈವ್ ತೆಗೆದು ಯಂತ್ರ ಆರಿಸಿ ಮತ್ತೆ ಹಚ್ಚಿದೆ.

ಕುಂಯ್ ಕುಂಯ್.

ಉಡಚವ್ವನವರು ಸೆರಗು ಬಾಯಿಗೆ ಒತ್ತಿಕೊಂಡರು. ಮಾಸ್ತರರು ಕೈ ಚಾಚಿ ಎಂಟರ್ ಒತ್ತಿದರು. ಸ್ವಲ್ಪ ಹೊತ್ತಿಗೆ ಆ ತಗಡಿನಂಥ ಧ್ವನಿ ಶುರುವಾಯಿತು. ಹತ್ತನೆಯ ತರಗತಿ, ಪಾಠ ಒಂದು, ಪಾಠ ಎರಡು, ಪಾಠ ಮೂರು. ಅವರು ಕೊನೆಯ ಪಾಠದವರೆಗೂ ಹೆಸರುಗಳನ್ನು ಕೇಳಿದರು. ಒಂದೂ ಕಮ್ಮಿಯಿರಲಿಲ್ಲ. ಮತ್ತೆ ಆರಿಸಿ, ಹಚ್ಚಿ, ಕೂಗಿದ ಮೇಲೆ ಕೆಳಬಾಣ ನಾಲ್ಕು ಸಲ ಒತ್ತಿ ನೋಡಿದರು. ವಿಂಡೋಸ್ ಬಂತು ಎಂದು ಹೇಳಿದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ.

ಚಹಾ ಕೊಟ್ಟರು. ಕುಡಿಯುವಾಗ ಮಾಸ್ತರರು ಒಂದೇ ಮಾತು ಹೇಳಿದರು.

"ಬರೂದಿಲ್ಲ ಅಂದಿದ್ರ ನಾ ಏನೂ ಅನ್ನತಿದ್ದಿಲ್ರಿ. ನಾ ಕುರುಡ ಅಂತ ನಿಮಗ ಅನುಕೂಲ ಆತು, ಅಷ್ಟ."

ಉಡಚವ್ವನವರು ಅವರನ್ನು ಸುಮ್ಮನಿರಿ ಎಂದು ಗದರಿದರು. ನಾನು ಕಪ್ಪು ಕೆಳಗಿಟ್ಟು ಬಂದೆ.

ಮಾಸ್ತರರು ನಮ್ಮ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಯಂತ್ರಕ್ಕೆ ಏನಾದರೂ ಆದರೆ ಈಗಲೂ ಬರುತ್ತಾರೆ, ನಗುತ್ತಾರೆ, ನನ್ನ ಮಕ್ಕಳನ್ನು ವಿಚಾರಿಸುತ್ತಾರೆ. ಬ್ಯಾಟರಿ ಬದಲಿಸುವುದು, ಧೂಳು ತೆಗೆಯುವುದು ನನ್ನ ಕೆಲಸ. ಆದರೆ ಪರದೆಯ ಮೇಲೆ ಏನಾದರೂ ಓದಬೇಕಾಗಿ ಬಂದಾಗ ತಲೆಯನ್ನು ಆಚೆ ತಿರುಗಿಸಿ, "ಸಲ್ಮಾ ಅದಾಳೇನ್ರಿ?" ಎನ್ನುತ್ತಾರೆ. ಅವಳು ಊಟಕ್ಕೆ ಹೋಗಿದ್ದರೆ ಬರುವ ತನಕ ಕಾಯುತ್ತಾರೆ. ಆರು ವರ್ಷದಿಂದ ಹೀಗೆಯೇ. ಬೋರ್ಡಿನ ಮೇಲಿನ 'ಎಲ್ಲಾ ತರಹದ' ಎಂಬುದನ್ನು ಬಣ್ಣ ಬಳಿದು ಅಳಿಸಿದ್ದೇನೆ. ಅದರಿಂದ ಏನೂ ಬದಲಾಗಿಲ್ಲ.

ಇಷ್ಟು ಬರೆದು ಸಲ್ಮಾಗೆ ಟೈಪ್ ಮಾಡಲು ಕೊಟ್ಟೆ. ಈ ಸಲ ಅವಳು ಎಲ್ಲಿಯೂ ನಿಲ್ಲಿಸಲಿಲ್ಲ. ಪುಸ್ತಕದವರಿಗೆ ಕೊಡುವ ಮೊದಲು ಮಾಸ್ತರರ ಒಪ್ಪಿಗೆ ಬೇಕಲ್ಲ, ಅವರ ವಿಷಯ ಇದು. ಕಳೆದ ಭಾನುವಾರ ಹಾಳೆಗಳನ್ನು ತೆಗೆದುಕೊಂಡು ಬ್ಯಾಡಗಿಗೆ ಹೋದೆ. ಯಂತ್ರ ಅವರ ಪಕ್ಕದಲ್ಲೇ ಇತ್ತು. ಅದಕ್ಕೆ ಹಾಕಿ ಕೇಳುತ್ತಾರೆ ಎಂದುಕೊಂಡು ಪೆನ್‌ಡ್ರೈವನ್ನೂ ಒಯ್ದಿದ್ದೆ.

"ಬ್ಯಾಡ್ರಿ, ನೀವಽ ಓದ್ರಿ" ಎಂದರು.

ಆರು ವರ್ಷಗಳಲ್ಲಿ ಮೊದಲ ಸಲ. ಓದತೊಡಗಿದೆ. ಗುತ್ತಲದ ಹಗ್ಗದ ಮಾತು ಬಂದಾಗ ನಕ್ಕರು. ಶಂಭುಲಿಂಗನ ಹೆಸರು ಬಂದಾಗ ಉಡಚವ್ವನವರೂ ಒಳಗಿನಿಂದ ಬಂದು ಕುಳಿತರು. ಶನಿವಾರದ ಸಂಜೆಗೆ ಬಂದೆ. ಕೂಗಲೇ ಇಲ್ಲಲ್ರಿ ಎಂದದ್ದು, ಖಾಲಿ ಎಂದದ್ದು ಓದಿದೆ. ಅಲ್ಲಿ ನಿಲ್ಲಿಸಿದೆ. ಉಡಚವ್ವನವರು ನನ್ನ ಮುಖವನ್ನೇ ನೋಡುತ್ತಿದ್ದರು. ನೀರು ಕುಡಿದು, ಪರದೆಯ ಮೇಲೆ ಇದ್ದದ್ದು ಹೊಸ ವಿಂಡೋಸಿನ ನೀಲಿ ಚಿತ್ರ ಎಂಬಲ್ಲಿಂದ ಮುಂದುವರಿಸಿದೆ.

ಮಾಸ್ತರರು ಕೈ ಎತ್ತಿದರು.

"ಒಂದ ಸಾಲ ಬಿಟ್ರಿ, ಹನುಮೇಶ್ ಅವರ."

ನನ್ನ ಕಣ್ಣು ಅವರ ಪಕ್ಕದ ಯಂತ್ರದ ಕಡೆ ಹೋಯಿತು.

"ಸಲ್ಮಾ ಇದನ್ನ ಮೊನ್ನೆನ ಕಳಿಸಿದ್ಲು. ಯಂತ್ರದಾಗ ಎರಡ ಸಲ ಕೇಳೇನಿ."

ಹಾಳೆಯ ಮೇಲೆ ಹಿಂದಕ್ಕೆ ಹೋಗಿ, ಪರದೆಯನ್ನು ಅವರ ಮುಖದ ಕಡೆಗೆ ತಿರುಗಿಸಿ ನೋಡ್ರಿ ಎಂದ ಆ ಸಾಲನ್ನು ಅವರ ಎದುರಿಗೇ ಓದಿದೆ.